ಟೀ-ರೂಮಿನಲ್ಲಿ ಕೋಟು ಕಾಯುವವರು

ಡರ್ಬಿ
೬ ಏಪ್ರಿಲ್ ೨೦೨೫

ಭಾಗೀರಥಿ,

‘ಪ್ರಿಯ’ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಕ್ಷೇಮ ಕೇಳುವ ಶಾಸ್ತ್ರವನ್ನೂ ಇನ್ನೊಂದು ದಿನಕ್ಕೆ ಇಟ್ಟುಕೊಂಡಿದ್ದೇನೆ. ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಅಕ್ಟೋಬರಿನಲ್ಲಿ ಇವರಿಗೆ ಸ್ಟ್ರೋಕ್ ಆದ ಮೇಲೆ ಮಂಚ ಕೆಳಗಿನ ಮುಂಕೋಣೆಗೆ ಬಂದಿದೆ. ಈ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ಇವರಿಗೆ ಕೇಳಿಸುತ್ತದೆ. ಬಲಗೈ, ಬಲಗಾಲು, ಮಾತು ಹೋಗಿವೆಯೇ ಹೊರತು ಕಿವಿಗೆ ಏನೂ ಆಗಿಲ್ಲ. ನಿನಗೆ ನಾನು ಹೇಳಬೇಕಾದದ್ದು ಇವರ ಕಿವಿಗೆ ಬೀಳಬಾರದು. ವಾಟ್ಸ್‌ಆಪ್ ಗುಂಪನ್ನು ನಾನು ಬಿಟ್ಟಿದ್ದು ನೀನು ನೋಡಿಯೇ ಇರುತ್ತೀಯ. ಎಲ್ಲರೂ ನೋಡಲಿ ಎಂದೇ ಬಿಟ್ಟೆ.

ನಮ್ಮ ಕನ್ನಡ ಕೂಟದ ಕಾರ್ಯದರ್ಶಿಯಾಗಿ ನೀನು ಕಳಿಸಿದ ಸುತ್ತೋಲೆಯನ್ನು ನಿನಗೇ ಓದಿ ಹೇಳುತ್ತೇನೆ, ಕೇಳು. ‘ಜುಲೈ ಹನ್ನೆರಡರ ಶನಿವಾರ ಥಾರ್ನ್‌ಲೋ ಕೋಟೆಗೆ ಪ್ರವಾಸ. ಗೈಡ್ ಜೊತೆ ಕೋಟೆಯ ವೀಕ್ಷಣೆ. ಮೆಟ್ಟಿಲು ಹತ್ತಲಾರದ ಹಿರಿಯರು, ಉದಾಹರಣೆಗೆ ನಮ್ಮ ನಾರಾಯಣಸ್ವಾಮಿಯವರು, ಟೀ-ರೂಮಿನಲ್ಲಿ ಆರಾಮವಾಗಿ ಕುಳಿತು ಎಲ್ಲರ ಕೋಟು, ಬ್ಯಾಗು ನೋಡಿಕೊಳ್ಳಬಹುದು.’

ಉದಾಹರಣೆಗೆ ಅಂತೆ. ಮೂವತ್ತು ವರ್ಷ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ದುಡಿದವರು, ಈ ಕೂಟಕ್ಕೆ ಎರಡು ಸಲ ಅಧ್ಯಕ್ಷರಾಗಿದ್ದವರು, ಇವತ್ತು ನಿನ್ನ ಸುತ್ತೋಲೆಯಲ್ಲಿ ಒಂದು ಉದಾಹರಣೆ.

ಈ ಕೋಟೆ ಪ್ರವಾಸದ ಪದ್ಧತಿ ಶುರು ಮಾಡಿದ್ದು ಯಾರು? ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಊರಿನಿಂದ ಬರುವ ಅಪ್ಪ-ಅಮ್ಮಂದಿರು ಆರು ತಿಂಗಳು ಕಿಟಕಿಯಲ್ಲಿ ಬಸ್ಸು ನೋಡುತ್ತ ಕೂರುತ್ತಾರಲ್ಲ, ಅವರಿಗೊಂದು ದಿನ ಹೊರಗೆ ಗಾಳಿ ಸಿಗಲಿ ಎಂದು ಹಟ ಹಿಡಿದವರು ಇವರು. ಗೈಡ್ ಇಂಗ್ಲಿಷಿನಲ್ಲಿ ಹೇಳುವುದನ್ನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದವರು ಇವರು. ಯಾವ ಕೋಟೆಯ ಅಡುಗೆಮನೆಗೆ ಹೋದರೂ ಇವರ ಅದೇ ಮಾತು: “ಇಷ್ಟು ದೊಡ್ಡ ಒಲೆ ಇಟ್ಕೊಂಡು ಒಂದು ಒಗ್ಗರಣೆ ಹಾಕೋಕೆ ಬರ್ಲಿಲ್ವಲ್ಲ ಈ ರಾಜರಿಗೆ, ಪಾಪ.” ಪ್ರತಿ ವರ್ಷ ಅದೇ ಜೋಕು, ಪ್ರತಿ ವರ್ಷ ಹೊಸ ಅಜ್ಜಿಯರು, ಅದೇ ನಗು. ನೀನೂ ನಗುತ್ತಿದ್ದೆ.

ಅಂಥವರನ್ನು ಕೋಟು ಕಾಯಲು ಕೂರಿಸುವ ಬುದ್ಧಿ ನಿನಗೆ ಹೇಗೆ ಬಂತು ಎಂದು ತಿಳಿಯುವ ತನಕ ನನಗೆ ನೆಮ್ಮದಿಯಿಲ್ಲ. ಉತ್ತರ ಬರೆ.

ಶುಭಾ


ಬರ್ಮಿಂಗ್‌ಹ್ಯಾಮ್
೧೫ ಏಪ್ರಿಲ್ ೨೦೨೫

ಪ್ರಿಯ ಶುಭಾ,

ನಾನು ‘ಪ್ರಿಯ’ ಎಂದೇ ಬರೆಯುತ್ತೇನೆ. ನಿನಗೆ ಕೈ ಬಂದಾಗ ನೀನೂ ಬರೆಯುವಿಯಂತೆ.

ಇಡೀ ಗುಂಪಿನ ಎದುರು ಬಾಗಿಲು ಬಡಿದುಕೊಂಡು ಹೋದೆಯಲ್ಲ, ಅದರ ಪರಿಣಾಮ ನಿನಗೆ ಗೊತ್ತಿಲ್ಲ. ಭಾಗೀರಥಿ ಏನು ಮಾಡಿದಳು, ಏನು ಅಂದಳು ಎಂದು ಕೇಳಿ ಕೇಳಿ ಜನ ನನ್ನ ತಲೆ ತಿಂದಿದ್ದಾರೆ. ಸುತ್ತೋಲೆಯಲ್ಲಿ ಅವರ ಹೆಸರು ಹಾಕಬಾರದಿತ್ತು, ಒಪ್ಪಿದೆ. ಉಳಿದದ್ದನ್ನು ಒಪ್ಪುವುದಿಲ್ಲ.

ಥಾರ್ನ್‌ಲೋ ಕೋಟೆಯ ಗೋಪುರದ್ದು ಸುತ್ತು ಮೆಟ್ಟಿಲು. ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ನಾನು ರಿಟೈರಾಗಿರಬಹುದು, ಆದರೂ ಡಾಕ್ಟರೇ. ಬಿದ್ದು ಸೊಂಟ ಮುರಿದುಕೊಂಡ ಎಷ್ಟು ಜನರನ್ನು ನೋಡಿದ್ದೇನೆ ಎಂದು ನಿನಗೆ ಹೇಳಬೇಕೆ? ನಾಳೆ ಹೆಚ್ಚುಕಮ್ಮಿ ಆದರೆ ಮೊದಲು ನನ್ನ ಮೇಲೆ ಹರಿಹಾಯುವವಳು ನೀನೇ.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ, ನೀನು ಬರೆಸುತ್ತಿದ್ದೀಯ. ಯುಗಾದಿ ಊಟದ ದಿನ ಅವರ ಕೈಗೆ ಮೈಕು ಕೊಟ್ಟರಲ್ಲ. ‘ಎಲ್ಲರಿಗೂ’ ಎಂದರು, ಮುಂದಿನದು ಬರಲಿಲ್ಲ. ನೀನು ಎದ್ದು ಹೋಗಿ ಮೈಕು ತೆಗೆದುಕೊಂಡು, ‘ಎಲ್ಲರಿಗೂ ಯುಗಾದಿಯ ಶುಭಾಶಯ’ ಎಂದು ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅವರ ಮುಖ ನೋಡಿದೆ. ಕೆಂಪಗಾಗಿತ್ತು, ಕಣ್ಣಲ್ಲಿ ನೀರಿತ್ತು. ಆ ಅವಮಾನ ಇನ್ನೊಮ್ಮೆ ಆಗಬಾರದು ಎಂದೇ ನಾನು ಅವರನ್ನು ಗುಂಪಿನಿಂದ ಆಚೆ ಕೂರಿಸಲು ಹೊರಟದ್ದು. ಕೆಟ್ಟತನದಿಂದಲ್ಲ.

ಕನ್ನಡದಲ್ಲಿ ಹೇಳುವ ಕೆಲಸವನ್ನು ಅಚಿಂತ್ಯ ವಹಿಸಿಕೊಂಡಿದ್ದಾನೆ. ಗೈಡ್ ಹೇಳುವುದನ್ನೆಲ್ಲ ಮೊದಲೇ ತರಿಸಿಕೊಂಡು ಕಂಪ್ಯೂಟರಿನಿಂದ ಕನ್ನಡದ ದನಿ ಮಾಡಿಸಿದ್ದಾನೆ. ಹಿರಿಯರೆಲ್ಲರಿಗೂ ಒಂದೊಂದು ಹೆಡ್‌ಫೋನ್. ಮೀಡಿಯಾಸಿಟಿಯ ಟಿವಿ ಸ್ಟುಡಿಯೋದಲ್ಲಿ ಅವನಿಗೆ ಅದೇ ಕಸುಬು. ಹುಟ್ಟಿದಂದಿನಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಮಗ, ಹೋದ ತಿಂಗಳು ಫೋನ್ ಮಾಡಿ ‘ಅಮ್ಮ, ಪಾಕಶಾಲೆ ಅಂದ್ರೆ ಕಿಚನ್ನಾ?’ ಎಂದು ಕೇಳಿದ. ಆ ದಿನ ನನಗೆ ಎಷ್ಟು ಸಂತೋಷವಾಯಿತು ಎಂದು ಊಹಿಸಿಕೊಳ್ಳುವಷ್ಟು ಸ್ನೇಹ ನಮ್ಮಲ್ಲಿ ಇನ್ನೂ ಉಳಿದಿದೆ ಎಂದುಕೊಂಡಿದ್ದೇನೆ.

ಭಾಗೀರಥಿ


ಡರ್ಬಿ
೨೭ ಏಪ್ರಿಲ್ ೨೦೨೫

ಭಾಗೀರಥಿ,

ಹೋದ ಭಾನುವಾರ ಬಸ್ಸು ಹತ್ತಿ ನಾನೇ ಥಾರ್ನ್‌ಲೋಗೆ ಹೋಗಿ ಬಂದೆ. ಈ ಸಲ ನೀನು ಹೋಗಿ ನೋಡಿದ್ದೀಯೋ, ಇಲ್ಲ ವೆಬ್‌ಸೈಟಿನಲ್ಲಿ ಚಿತ್ರ ನೋಡಿ ಪ್ರವಾಸ ಗೊತ್ತುಮಾಡಿದ್ದೀಯೋ?

ಗೋಪುರಕ್ಕೆ ಸುತ್ತು ಮೆಟ್ಟಿಲು, ನಿಜ. ಆದರೆ ಕೋಟೆ ಎಂದರೆ ಗೋಪುರವೊಂದೇ ಅಲ್ಲ. ಹೆಬ್ಬಾಗಿಲಿನಿಂದ ಅಂಗಳಕ್ಕೆ ಇಳಿಜಾರು ಇದೆ. ಅಂಗಳದಿಂದ ದೊಡ್ಡ ಹಜಾರಕ್ಕೆ ಒಂದೇ ಒಂದು ಹೊಸ್ತಿಲು, ಅದಕ್ಕೂ ಹಲಗೆ ಹಾಕುತ್ತಾರೆ. ಅಡುಗೆಮನೆ ನೆಲದ ಮಟ್ಟದಲ್ಲೇ ಇದೆ. ಒಲೆ ನಮ್ಮ ಮನೆಯ ಮುಂಕೋಣೆಯಷ್ಟಿದೆ. ಬಾಗಿಲಲ್ಲಿ ಕೇಳಿದರೆ ವೀಲ್‌ಚೇರ್ ಅವರೇ ಕೊಡುತ್ತಾರೆ. ಇದನ್ನೆಲ್ಲ ನನಗೆ ಹೇಳಿದ್ದು ಅಲ್ಲಿನ ಗೈಡ್ ಡೋರೀನ್. ಇವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಗಟ್ಟಿಗಿತ್ತಿ. ‘ನಿಮ್ಮ ಯಜಮಾನರು ಎಷ್ಟೋ ವರ್ಷದ ಹಿಂದೆ ನಿಮ್ಮ ಕೂಟ ಬಂದಾಗ ನನ್ನ ಮಾತಿಗಿಂತ ಉದ್ದದ ಮಾತು ಹೇಳುತ್ತಿದ್ದರಲ್ಲ, ಅವರು ತಾನೇ?’ ಎಂದು ಕೇಳಿದಳು. ಅವಳಿಗೆ ನೆನಪಿದೆ, ನಿನಗಿಲ್ಲ.

ಇವರು ಬರುತ್ತಾರೆ. ವೀಲ್‌ಚೇರಿನಲ್ಲಿ, ಎಲ್ಲರ ಜೊತೆ, ಎಲ್ಲರ ಮುಂದೆ. ತಳ್ಳುವವಳು ನಾನು. ಇದು ಕೇಳಿಕೆ ಅಲ್ಲ, ತಿಳಿಸುತ್ತಿದ್ದೇನೆ.

ಯುಗಾದಿಯ ವಿಷಯ ಎತ್ತಿದ್ದೀಯ. ಒದ್ದಾಡುತ್ತಿದ್ದ ಗಂಡನ ಕೈಹಿಡಿಯುವುದು ತಪ್ಪು ಎಂದು ಯಾವ ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಟ್ಟರು ನಿನಗೆ? ನಾನೇನು ಸುಮ್ಮನೆ ನೋಡುತ್ತ ಕೂರಬೇಕಿತ್ತೇ? ಸ್ಪೀಚ್ ಥೆರಪಿಸ್ಟ್ ಹುಡುಗಿಯೂ ನಿನ್ನ ಹಾಗೆಯೇ. ವಾರಕ್ಕೊಮ್ಮೆ ಬಂದು, ಬೆಳಿಗ್ಗೆ ಏನು ತಿಂದಿರಿ ಎಂದು ಇವರನ್ನು ಕೇಳುತ್ತಾಳೆ. ಇವರು ಬಾಯಿ ತೆರೆಯುತ್ತಾರೆ, ಮುಖ ಬೆವರುತ್ತದೆ. ಹೋದ ವಾರ ನಾನು ‘ಉಪ್ಪಿಟ್ಟು’ ಎಂದೆ. ಆ ಹುಡುಗಿ ನಾನೇನೋ ಪರೀಕ್ಷೆಯಲ್ಲಿ ಕಾಪಿ ಹೊಡೆಸಿದ ಹಾಗೆ ನನ್ನನ್ನು ನೋಡಿದಳು. ಈಗೀಗ ಇವರಿಗೆ ಏನು ಬೇಕು ಎಂಬುದು ಕಣ್ಣು ನೋಡಿದರೇ ನನಗೆ ತಿಳಿಯುತ್ತದೆ, ಇವರು ಹೇಳುವ ಅಗತ್ಯವೇ ಬೀಳುವುದಿಲ್ಲ. ಮೂವತ್ತೆಂಟು ವರ್ಷದ ಸಂಸಾರ ಸುಮ್ಮನೆ ಆಗಿದ್ದಲ್ಲ.

ಅಚಿಂತ್ಯನ ಬಗ್ಗೆ ನನಗೆ ಬೇಸರವಿಲ್ಲ, ಅವನು ನಾನು ಎತ್ತಿ ಆಡಿಸಿದ ಕೂಸು. ಆದರೆ ನಿನ್ನ ಮಗ ಕನ್ನಡ ಕಲಿಯಲಿ ಎಂದು ನನ್ನ ಗಂಡನ ಜಾಗ ಖಾಲಿ ಮಾಡಿಸಬೇಕಿತ್ತೇ?

ಶುಭಾ


ಬರ್ಮಿಂಗ್‌ಹ್ಯಾಮ್
೧೩ ಮೇ ೨೦೨೫

ಪ್ರಿಯ ಶುಭಾ,

ನಿನ್ನ ಕಡೆಯ ಸಾಲು ಓದಿ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದೆ. ಆಮೇಲೆ ಆರಿಸಿ ಟೇಪು ಹಚ್ಚಿದೆ. ಉತ್ತರ ತಡವಾದದ್ದಕ್ಕೆ ಇದೇ ಕಾರಣ.

ಕಮಿಟಿ ಸೇರಿತ್ತು. ನಿನ್ನ ಮಾತನ್ನು ನಾನೇ ಮುಂದಿಟ್ಟೆ. ನಾರಾಯಣಸ್ವಾಮಿಯವರು ವೀಲ್‌ಚೇರಿನಲ್ಲಿ ಬರುವುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಕೋಟೆಯವರಿಗೂ ಬರೆದಿದ್ದೇನೆ. ಗೋಪುರಕ್ಕೆ ಹೋಗುವವರು ಹೋಗಿ ಬರುವ ತನಕ ಉಳಿದವರು ಅಡುಗೆಮನೆಯಲ್ಲಿ ಕೂರುವಂತೆ ಬೆಂಚು ಹಾಕಿಸುತ್ತಾರಂತೆ.

ಅಷ್ಟೇ ಅಲ್ಲ. ನಾನು ಇನ್ನೊಂದು ಸಲಹೆ ಕೊಟ್ಟೆ, ಎಲ್ಲರೂ ಬಹಳ ಮೆಚ್ಚಿದರು. ಪುಳಿಯೋಗರೆ, ಮೊಸರನ್ನದ ಊಟ ಮುಗಿದ ಮೇಲೆ ಕೋಟೆಯ ಅಂಗಳದಲ್ಲೇ ಅವರಿಗೆ ಸನ್ಮಾನ. ಶಾಲು, ಮೈಸೂರು ಪೇಟ, ಹಾರ, ಫಲತಾಂಬೂಲ. ಇಷ್ಟು ವರ್ಷ ಅವರು ಮಾಡಿದ ಸೇವೆಗೆ ಕೂಟ ಒಂದು ದಿನವೂ ಕೃತಜ್ಞತೆ ಹೇಳಿಲ್ಲ. ಅವರು ಒಂದು ಮಾತೂ ಆಡಬೇಕಾಗಿಲ್ಲ. ಕೂತಿದ್ದರೆ ಸಾಕು.

ಇನ್ನಾದರೂ ನಿನ್ನ ಸಿಟ್ಟು ಇಳಿಯುತ್ತದೆಯೋ?

ಭಾಗೀರಥಿ


ಡರ್ಬಿ
೨೦ ಮೇ ೨೦೨೫

ಪ್ರಿಯ ಭಾಗೀರಥಿ,

ಕೈ ಬಂತು, ನೋಡು.

ಸನ್ಮಾನದ ಸಾಲು ಓದುವಾಗ ಫಾರ್ಮಸಿಯ ಕೆಲಸದಿಂದ ಆಗಷ್ಟೇ ಬಂದಿದ್ದೆ, ಕೋಟು ಕೂಡ ಬಿಚ್ಚಿರಲಿಲ್ಲ. ಮುಂಬಾಗಿಲ ಹತ್ತಿರ ನಿಂತೇ ಅತ್ತೆ. ಕಡೆಗೂ ನಿನಗೆ ಹೊಳೆಯಿತಲ್ಲ. ಹೋದ ಕಾಗದದಲ್ಲಿ ಖಾರ ಹೆಚ್ಚಾಯಿತು. ಹರಿದು ಟೇಪು ಹಚ್ಚಿದವಳು ನೀನು ಎಂಬ ಕಾರಣಕ್ಕೆ ಇಷ್ಟು ಹೇಳುತ್ತಿದ್ದೇನೆ, ಇನ್ನು ಹೆಚ್ಚು ಕೇಳಬೇಡ.

ಶಾಲು ಕಡುಗೆಂಪು ಬೇಡ, ಇವರ ಮೈಬಣ್ಣಕ್ಕೆ ಒಪ್ಪುವುದಿಲ್ಲ. ಹಸಿರು ಇರಲಿ. ಪೇಟ ನಮ್ಮ ಮನೆಯಲ್ಲೇ ಇದೆ, ಮಗನ ಮದುವೆಯದು. ಇವರಿಗೆ ವಿಷಯ ಇನ್ನೂ ಹೇಳಿಲ್ಲ, ಆ ದಿನವೇ ಗೊತ್ತಾಗಲಿ. ಸನ್ಮಾನಕ್ಕೆ ಉತ್ತರವಾಗಿ ಎರಡು ಮಾತು ಬೇಕಲ್ಲ, ಇವರ ಪರವಾಗಿ ನಾನೇ ಬರೆದು ಇಟ್ಟಿದ್ದೇನೆ. ‘ನನ್ನ ಪತಿಯವರಿಗೆ ಹೇಳಬೇಕೆನಿಸುವುದೇನೆಂದರೆ’ ಎಂದು ಶುರುವಾಗುತ್ತದೆ. ಚೆನ್ನಾಗಿ ಬಂದಿದೆ.

ನಿನ್ನ
ಶುಭಾ


ಡರ್ಬಿ
೨ ಜೂನ್ ೨೦೨೫

ಭಾಗೀರಥಿಯವರಿಗೆ, ಮತ್ತು ನನ್ನ ಹೆಂಡತಿ ಶುಭಾಳಿಗೆ,

ನಾರಾಯಣಸ್ವಾಮಿ ಬರೆಯುವುದು. ಎಡಗೈ ಬರಹ. ಕ್ಷಮಿಸಿ. ಪತ್ರ ಒಂದೇ, ಓದುವವರು ಇಬ್ಬರು. ಬೆಳಿಗ್ಗೆ ನನ್ನ ಆರೈಕೆಗೆ ಬರುವ ಕೇರರ್ ಸೌಮ್ಯಾ ಲೈಬ್ರರಿಯಲ್ಲಿ ಕಾಪಿ ತೆಗೆಸಿ ಎರಡನ್ನೂ ಅಂಚೆಗೆ ಹಾಕುತ್ತಾಳೆ. ಶುಭಾ, ಹೌದು, ನಿನಗೂ ಅಂಚೆಯಲ್ಲೇ. ಕೈಗೆ ಕೊಟ್ಟರೆ ಮೊದಲ ಸಾಲು ಓದಿ ಉಳಿದದ್ದನ್ನು ನೀನೇ ಹೇಳಿ ಮುಗಿಸುತ್ತೀಯ.

ನನ್ನ ಮಂಚ ಮುಂಬಾಗಿಲ ಪಕ್ಕದಲ್ಲಿದೆ. ಬಾಗಿಲ ಕಿಂಡಿಯಲ್ಲಿ ಅಂಚೆಯವನು ಹಾಕಿದ ಕಾಗದ ನನ್ನ ಕಾಲ ಬಳಿಯೇ ಬೀಳುತ್ತದೆ. ಶುಭಾ ಕೆಲಸಕ್ಕೆ ಹೋಗಿರುತ್ತಾಳೆ. ಭಾಗೀರಥಿಯವರೇ, ನಿಮ್ಮ ಎಲ್ಲ ಕಾಗದಗಳನ್ನೂ ನಾನು ಮೊದಲು ಓದಿದ್ದೇನೆ. ಒಂದೇ ಕೈಯಲ್ಲಿ ಮತ್ತೆ ಗೋಂದು ಹಚ್ಚುವುದು ಬಹಳ ಕಷ್ಟ. ಬೇರೆಯವರ ಕಾಗದ ಒಡೆಯುವುದು ತಪ್ಪು. ಆದರೆ ಅದರಲ್ಲಿ ಇರುವುದೆಲ್ಲ ನಾನೇ.

ನನಗೆ ಸಿಟ್ಟು ಬಂದಿದೆ. ಅಕ್ಟೋಬರಿನಿಂದ ಬರುತ್ತಲೇ ಇದೆ. ಬಾಯಿಗೆ ಬರುವುದರೊಳಗೆ ಯಾರಾದರೂ ಟೀ ತಂದುಕೊಡುತ್ತಾರೆ.

ನೀವಿಬ್ಬರೂ ಜಗಳವಾಡಿದ್ದು ನನ್ನ ಕಾಲಿನ ಬಗ್ಗೆ. ಮೆಟ್ಟಿಲು. ಗೋಪುರ. ವೀಲ್‌ಚೇರು. ಕಾಲು ಯಾರಿಗೆ ಬೇಕು? ನಾನು ಮಧುಗಿರಿಯವನು. ಹತ್ತಬೇಕಾದ ಬೆಟ್ಟವನ್ನು ಹುಡುಗನಾಗಿದ್ದಾಗಲೇ ಹತ್ತಿ ಮುಗಿಸಿದ್ದೇನೆ. ನನಗೆ ಕೋಟೆ ನೋಡಬೇಕಾಗಿಲ್ಲ. ಕೋಟೆ ಹೇಳಬೇಕು. ಊರಿನಿಂದ ಬಂದ ಜನಕ್ಕೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅದನ್ನು ಯಂತ್ರಕ್ಕೆ ಕೊಟ್ಟಿರಿ. ಕೊಡುವ ಮೊದಲು ನನ್ನನ್ನು ಕೇಳಲಿಲ್ಲ. ನನ್ನ ಪರವಾಗಿ ಜಗಳವಾಡಿದವಳೂ ಕೇಳಲಿಲ್ಲ.

ಭಾಗೀರಥಿಯವರೇ, ಯುಗಾದಿಯ ದಿನ ನನ್ನ ಮುಖ ಕೆಂಪಾದದ್ದು ಅವಮಾನಕ್ಕಲ್ಲ. ಮುಂದಿನ ಪದ ಬಂದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೈಕು ಹೋಯಿತು.

ಈಗ ಸನ್ಮಾನ. ನಾನು ಅಧ್ಯಕ್ಷನಾಗಿದ್ದಾಗ ಎಷ್ಟು ಜನಕ್ಕೆ ಶಾಲು ಹೊದಿಸಿದ್ದೇನೆ. ಯಾಕೆ ಹೊದಿಸುತ್ತಿದ್ದೆವು ಎಂದು ನನಗೆ ಗೊತ್ತು. ಇನ್ನು ಈ ಮನುಷ್ಯನಿಂದ ಏನೂ ಕೆಲಸವಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೊದಿಸುತ್ತಿದ್ದೆವು. ಹಾರ ಹಾಕಿ, ಫೋಟೋ ತೆಗೆದು, ಮುಂದಿನ ವರ್ಷದಿಂದ ಮರೆಯುತ್ತಿದ್ದೆವು. ‘ಒಂದು ಮಾತೂ ಆಡಬೇಕಾಗಿಲ್ಲ, ಕೂತಿದ್ದರೆ ಸಾಕು’ ಎಂದು ಬರೆದಿದ್ದೀರಿ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಶುಭಾ, ಹೊಟ್ಟೆ ಸರಿಯಿಲ್ಲ ಎಂದು ನೀನೇ ತೀರ್ಮಾನ ಮಾಡಿ ಗಂಜಿ ಮಾಡಿದೆ.

ನಾನು ಬರುತ್ತೇನೆ. ಶಾಲು ತಂದರೆ ಬರುವುದಿಲ್ಲ. ಗೋಪುರಕ್ಕೆ ಅಚಿಂತ್ಯನ ಯಂತ್ರ ಇರಲಿ, ಹುಡುಗ ಕಷ್ಟಪಟ್ಟಿದ್ದಾನೆ. ಅಡುಗೆಮನೆ ನನ್ನದು. ಅಲ್ಲಿ ನಾನು ಹೇಳುತ್ತೇನೆ. ನಿಧಾನವಾಗುತ್ತದೆ. ಪದ ಸಿಕ್ಕದಿದ್ದರೆ ನಿಲ್ಲುತ್ತೇನೆ. ಎಲ್ಲರೂ ಕಾಯಬೇಕು. ಯಾರೂ ಪದ ಹೇಳಿಕೊಡಬಾರದು.

ಕಡೆಯದು ಶುಭಾಳಿಗೆ. ನೀನು ಅಡುಗೆಮನೆಗೆ ಬರಬೇಡ. ಟೀ-ರೂಮಿನಲ್ಲಿ ಕೂತು ಕೋಟು ನೋಡಿಕೊ. ನೀನು ಎದುರಿಗಿದ್ದರೆ ನನ್ನ ಮಾತು ನಿನ್ನ ಬಾಯಿಗೆ ಹೋಗಿಬಿಡುತ್ತದೆ. ನಿನಗೆ ನೋವಾಗುತ್ತದೆ ಎಂದು ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ಪತ್ರಕ್ಕೆ ಎರಡು ವಾರ ಹಿಡಿಯಿತು. ಆದರೂ ಚೆನ್ನಾಗಿತ್ತು. ಕಾಗದದ ಮೇಲೆ ಒಂದು ಪದಕ್ಕೆ ಎಷ್ಟು ಹೊತ್ತು ಬೇಕಾದರೂ ಕಾಯಬಹುದು. ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಇತಿ,
ನಾರಾಯಣಸ್ವಾಮಿ


ಡರ್ಬಿ
೭ ಜೂನ್ ೨೦೨೫

ಭಾಗೀರಥಿ,

ನಿನಗೂ ಬಂದಿರುತ್ತದೆ.

ಒಂದೇ ಸೂರಿನ ಕೆಳಗೆ ಇದ್ದುಕೊಂಡು ನನಗೆ ಸ್ಟ್ಯಾಂಪು ಅಂಟಿಸಿ ಕಾಗದ. ಓದಿ ಮುಂಕೋಣೆಗೆ ಹೋದೆ. ಇವರು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು, ನನ್ನ ಕಡೆ ತಿರುಗಲಿಲ್ಲ. ಮಾತ್ರೆ, ಸ್ನಾನ, ಆಸ್ಪತ್ರೆ ಎಂದು ಓಡಾಡಿ ನನ್ನ ಕಾಲು ಸೋತುಹೋಗಿದೆ. ನಾನು ಇವರ ಬಾಯಿ ಕಿತ್ತುಕೊಂಡೆನಂತೆ. ಒಬ್ಬ ಮನುಷ್ಯ ಕಣ್ಣೆದುರು ಮುಳುಗುತ್ತಿದ್ದರೆ ದಡದಲ್ಲಿ ನಿಂತು ಕಾಯುವುದು ಹೇಗೆ ಎಂದು ಇವರು ಬರೆದಿಲ್ಲ.

ಗಂಜಿಯ ವಿಷಯ ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಮೆಣಸು-ಜೀರಿಗೆ ಹಾಕಿ ಮಾಡಿದ್ದೆ.

ಸರಿ. ಟೀ-ರೂಮಿನಲ್ಲೇ ಕೂರುತ್ತೇನೆ. ಎಲ್ಲರ ಕೋಟೂ ಕಾಯುತ್ತೇನೆ. ಅಲ್ಲಿ ಇವರು ತಡವರಿಸಿ, ಜನ ಮುಖ ಮುಖ ನೋಡಿಕೊಂಡರೆ ನನ್ನನ್ನು ಕರೆಯಲು ಯಾರೂ ಓಡಿ ಬರಬೇಡಿ. ನಾನು ಏಳುವುದಿಲ್ಲ.

ಹಸಿರು ಶಾಲು ಕೊಂಡಿದ್ದರೆ ವಾಪಸು ಮಾಡು.

ಶುಭಾ


ಬರ್ಮಿಂಗ್‌ಹ್ಯಾಮ್
೧೪ ಜುಲೈ ೨೦೨೫

ಪ್ರಿಯ ಶುಭಾ,

ಶನಿವಾರ ನೀನು ಯಾರೊಂದಿಗೂ ಮಾತಾಡದೆ ವಾಪಸು ಹೊರಡುವ ಕೋಚ್ ಬಸ್ಸು ಹತ್ತಿದೆ. ಅವರನ್ನು ಕೂರಿಸಿಕೊಂಡು ಕಿಟಕಿ ಕಡೆ ತಿರುಗಿಬಿಟ್ಟೆ. ಏನಾಯಿತು ಎಂದು ಕೇಳಲಿಲ್ಲ. ಅವರೂ ಹೇಳಿರುವುದಿಲ್ಲ. ನೀನು ಕೇಳದಿದ್ದರೂ ನಾನು ಬರೆಯುತ್ತೇನೆ.

ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ, ಮಗನ ವಿಷಯದಲ್ಲಿ ನೀನು ಬರೆದ ಸಾಲಿಗೆ. ಅವರ ಮೇಲೂ ಇದೆ, ನನ್ನ ಕಾಗದ ಒಡೆದದ್ದಕ್ಕೆ. ಅದು ಹಾಗಿರಲಿ.

ಹೆಬ್ಬಾಗಿಲಲ್ಲೇ ಹೆಡ್‌ಫೋನ್ ಹಂಚಿದೆವು. ಜುಲೈ ತಿಂಗಳಾದರೂ ಅರ್ಧ ಜನ ಮಂಕಿ-ಕ್ಯಾಪು ಹಾಕಿದ್ದರು, ಅದರ ಮೇಲೆ ಹೆಡ್‌ಫೋನ್ ಕೂರಲಿಲ್ಲ. ಕೂರಿಸಿಕೊಂಡವರಿಗೆ ‘ಪ್ರಸ್ತುತ ತಾವು ವೀಕ್ಷಿಸುತ್ತಿರುವ ಈ ಮಹಾದ್ವಾರವು’ ಎಂದು ಶುರುವಾಯಿತು. ಸುಳ್ಳು ಹೇಳುವುದಿಲ್ಲ, ಕೆಲವರಿಗೆ ಇಷ್ಟವಾಯಿತು. ದಾವಣಗೆರೆಯಿಂದ ಬಂದ ಮೇಷ್ಟ್ರೊಬ್ಬರು ಅಚಿಂತ್ಯನ ಬೆನ್ನು ತಟ್ಟಿದರು. ಕಾಲಿನಲ್ಲಿ ಶಕ್ತಿಯಿದ್ದವರು ಅವನ ಜೊತೆ ಗೋಪುರಕ್ಕೆ ಹೋಗಿ ಬಂದರು.

ಆಮೇಲೆ ಎಲ್ಲರೂ ಅಡುಗೆಮನೆಗೆ ಬಂದೆವು. ಡೋರೀನ್ ಒಲೆಯ ಬಗ್ಗೆ ಹೇಳಬೇಕಾದ್ದನ್ನು ಹೇಳಿ, ನಾರಾಯಣಸ್ವಾಮಿಯವರ ಕಡೆ ತಿರುಗಿ ನಿಂತಳು. ಅಚಿಂತ್ಯನಿಗೆ ನಾನೇನೂ ಹೇಳಿರಲಿಲ್ಲ, ಅವನೇ ಯಂತ್ರ ನಿಲ್ಲಿಸಿದ. ಹಿರಿಯರೆಲ್ಲ ಬೆಂಚಿನಲ್ಲಿ, ಉಳಿದವರು ಗೋಡೆಯ ಉದ್ದಕ್ಕೂ. ನಾನು ಮುಂದೆ ಬಂದು, ಇವರು ನಿಧಾನವಾಗಿ ಹೇಳುತ್ತಾರೆ, ನಡುವೆ ಯಾರೂ ಪದ ಕೊಡಬಾರದು ಎಂದು ಹೇಳಿದೆ. ನಮ್ಮ ಜನ ನಿನಗೆ ಗೊತ್ತಲ್ಲ, ನಾಲ್ಕು ಜನ ಸೇರಿದರೆ ಐದು ಮಾತು. ಅಷ್ಟು ಜನ ಸುಮ್ಮನಿರುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ.

ಅವರು ‘ಇಲ್ಲಿ’ ಎಂದರು. ತಡೆದು, ‘ಎತ್ತು’ ಎಂದರು. ಇನ್ನೂ ತಡೆದು, ‘ಇಡೀ ಎತ್ತನ್ನೇ ಸುಡುತ್ತಿದ್ದರು’ ಎಂದರು. ಮುಂದಿನ ಸಾಲಿನ ಅಜ್ಜಿಯರು ಸೆರಗು ಬಾಯಿಗೆ ಇಟ್ಟುಕೊಂಡರು. ಒಂದೊಂದೇ ಪದ ಬಂತು. ರಾಜನ ಕಡೆಯವರು ಎಷ್ಟು ಜನ ಉಣ್ಣುತ್ತಿದ್ದರು, ನೀರು ಎಲ್ಲಿಂದ ಹೊರುತ್ತಿದ್ದರು, ಹೊಗೆಯಲ್ಲಿ ಕೆಮ್ಮಿ ಸತ್ತವರು ಯಾರು ಎಂದು. ಮೊದಲಿನ ಓಟ ಇಲ್ಲ. ಆದರೆ ಅವರು ತಡೆದಾಗಲೆಲ್ಲ ಜನ ಆ ಒಲೆಯನ್ನೇ ನೋಡುತ್ತಿದ್ದರು.

ಆಮೇಲೆ ಅವರು ಕೈ ಎತ್ತಿ ಒಲೆ ತೋರಿಸಿದರು. “ಇಷ್ಟು ದೊಡ್ಡ ಒಲೆ ಇಟ್ಕೊಂಡು” ಎಂದರು. “ಒಂದು” ಎಂದರು. ನಿಂತುಬಿಟ್ಟರು.

ಶುಭಾ, ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಆ ಪದ ಗೊತ್ತಿತ್ತು. ವರ್ಷ ವರ್ಷವೂ ಕೇಳಿದ್ದೇವೆ. ನನ್ನ ಬಾಯಲ್ಲಿ ಅದು ಉರುಳಾಡುತ್ತಿತ್ತು, ತುಟಿ ಕಚ್ಚಿಕೊಂಡೆ. ಅವರ ಹಣೆಯಲ್ಲಿ ಬೆವರು ಇಳಿಯಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಕೂಟದ ಶ್ರೀಲಕ್ಷ್ಮಿಯ ತಾಯಿ ಬಾಯಿ ತೆರೆದರು, ನಾನು ಅವರ ಮೊಣಕೈ ಹಿಡಿದು ಅದುಮಿದೆ. ನಲವತ್ತು ಜನ ಕನ್ನಡಿಗರು, ಒಬ್ಬರೂ ಕೆಮ್ಮಲಿಲ್ಲ. ಆಗ ನನಗೆ ನಿನ್ನ ನೆನಪಾಯಿತು. ದಡದಲ್ಲಿ ನಿಲ್ಲುವುದು ಹೇಗೆ ಎಂದು ಕೇಳಿದ್ದೆಯಲ್ಲ. ಬಹಳ ಕಷ್ಟ. ದಿನಾ ಅದನ್ನು ನಿನ್ನಿಂದ ಬಯಸುವುದು ಎಂಥ ದೊಡ್ಡ ಬಯಕೆ ಎಂದು ಆ ಹೊತ್ತಿನಲ್ಲಿ ತಿಳಿಯಿತು.

“ಒಗ್ಗರಣೆ” ಎಂದರು. “ಒಗ್ಗರಣೆ ಹಾಕೋಕೆ ಬರ್ಲಿಲ್ವಲ್ಲ ಈ ರಾಜರಿಗೆ.” ಸ್ವಲ್ಪ ತಡೆದು, “ಪಾಪ.”

ಆ ನಗು ಟೀ-ರೂಮಿನ ತನಕ ಕೇಳಿಸಿರಬೇಕು. ಡೋರೀನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ, ಅವಳೂ ನಕ್ಕಳು. ಅವರು ನಗಲಿಲ್ಲ. ನೇರವಾಗಿ ನನ್ನನ್ನು ನೋಡಿದರು, ಇನ್ನೂ ಸಿಟ್ಟಿನಲ್ಲೇ. ನಾನು ಕೈ ಮುಗಿದೆ.

ಶಾಲನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ನಾನೇ ಹೊದೆಯುತ್ತಿದ್ದೇನೆ.

ಭಾಗೀರಥಿ


ಡರ್ಬಿ
೨೧ ಜುಲೈ ೨೦೨೫

ಪ್ರಿಯ ಭಾಗೀರಥಿ,

ಕೇಳಿಸಿತು. ನಗು ಅಂಗಳ ದಾಟಿ ಬಂತು. ಟೀ-ರೂಮಿನಲ್ಲಿ ನಾನೊಬ್ಬಳೇ, ಸುತ್ತ ಕೋಟುಗಳ ರಾಶಿ. ಎದ್ದು ಬಾಗಿಲ ತನಕ ಬಂದಿದ್ದೆ. ಏನೋ ಎಡವಟ್ಟಾಗಿದೆ, ಇವರನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅದು ಯಾವ ನಗು ಎಂದು ಗುರುತು ಸಿಕ್ಕಿತು. ವಾಪಸು ಬಂದು ಕೂತೆ. ಸಂತೋಷವಾಯಿತು ಎಂದು ಬರೆದರೆ ಅದು ಪೂರ್ತಿ ನಿಜವಲ್ಲ. ನಾನಿಲ್ಲದೆ ಆಯಿತಲ್ಲ ಎಂದು ಉರಿಯಿತು. ಅದಕ್ಕೇ ಕೋಚಿನಲ್ಲಿ ಕಿಟಕಿ ಕಡೆ ತಿರುಗಿದ್ದು.

ಮನೆಯಲ್ಲೂ ಒಂದು ವಾರ ಹಾಗೇ ಇದ್ದೆವು. ನಾನು ಬಡಿಸುವುದು, ಇವರು ಉಣ್ಣುವುದು. ನಿನ್ನೆ ಮಧ್ಯಾಹ್ನ ಊಟದ ನಡುವೆ ಇವರು ಚಮಚ ಕೆಳಗಿಟ್ಟು ನನ್ನ ಕಡೆ ನೋಡಿದರು. ಬಾಯಿ ತೆರೆದರು. ನೀರೋ, ತುಪ್ಪವೋ, ಎದೆನೋವೋ ಎಂದು ಹತ್ತು ಪದ ನನ್ನ ನಾಲಿಗೆಗೆ ಬಂದವು. ಎರಡು ಕೈಯನ್ನೂ ಮೇಜಿನ ಕೆಳಗೆ ಬಿಗಿ ಹಿಡಿದು ಕೂತೆ. ಇವರ ತಟ್ಟೆಯಲ್ಲಿ ಸಾರು ಆರಿಹೋಯಿತು. ಅಕ್ಟೋಬರಿನಿಂದ ಆಡದ ಮಾತೇನೋ ಬರುತ್ತಿದೆ, ನನ್ನ ಬಗ್ಗೆಯೇ ಬರುತ್ತಿದೆ ಎಂದುಕೊಂಡೆ. ಕಣ್ಣು ತುಂಬಿಕೊಂಡಿತು.

“ಸಾರಿಗೆ ಉಪ್ಪಿಲ್ಲ” ಎಂದರು.

ಎಲ್ಲಿತ್ತೋ ಆ ಸಿಟ್ಟು. ಒಂಬತ್ತು ತಿಂಗಳಿನಿಂದ ಉಪ್ಪು ಕಡಿಮೆ ಹಾಕುತ್ತಿರುವುದು ಯಾರ ರಕ್ತದೊತ್ತಡಕ್ಕೆ ಎಂದು ಕೇಳಿದೆ. ಗೋಂದು ಹಚ್ಚಿ ಕಾಗದ ಮುಚ್ಚಿದ ಕಳ್ಳತನ ಎತ್ತಿದೆ, ಗಂಜಿ ಎತ್ತಿದೆ, ಟೀ-ರೂಮು ಎತ್ತಿದೆ. ಇವರು ಒಂದು ಕೈ ಮೇಲೆತ್ತಿ, ನಿಲ್ಲು, ನನ್ನ ಸರದಿ ಎನ್ನುವ ಹಾಗೆ ತೋರಿಸಿದರು. ನಿಂತೆ. ಬಹಳ ಹೊತ್ತು ನಿಂತೆ. ಗಂಜಿಗೂ ಉಪ್ಪಿರಲಿಲ್ಲ ಎಂಬ ಉತ್ತರ ಬಂತು. ಹೀಗೆ ಸಂಜೆಯ ಕಾಫಿಯ ತನಕ ನಡೆಯಿತು, ಒಂದು ಮಾತು ನನ್ನದು, ಒಂದು ಮಾತು ಇವರದು. ಸ್ಟ್ರೋಕ್ ಆದ ಮೇಲೆ ಈ ಮನೆಯಲ್ಲಿ ನಡೆದ ಮೊದಲನೆಯ ಜಗಳ. ಯಾರೂ ಗೆಲ್ಲಲಿಲ್ಲ. ಇವತ್ತೂ ಮುಂದುವರಿಯುತ್ತದೆ.

ಇಷ್ಟು ತಿಂಗಳು ಬೈಯಲು ಮನೆಯಲ್ಲಿ ಯಾರೂ ಸಿಗದೆ ನಿನಗೆ ಬೈದೆ ಎಂದು ಕಾಣುತ್ತದೆ. ಬೈದದ್ದರಲ್ಲಿ ಅರ್ಧ ನಿನಗೆ ಸಲ್ಲಬೇಕಾದ್ದೇ, ಇನ್ನರ್ಧ ಇವರದು. ಅಚಿಂತ್ಯನ ಬಗ್ಗೆ ಬರೆದ ಸಾಲನ್ನು ಮಾತ್ರ ಹರಿದು ಹಾಕು. ಅದಕ್ಕೆ ಟೇಪು ಹಚ್ಚಬೇಡ.

ಇನ್ನು ಕಾಗದ ಬೇಡ, ಫೋನ್ ಮಾಡು. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲೇ ಮಾಡು. ಫೋನನ್ನು ಇವರ ಮಂಚದ ಪಕ್ಕಕ್ಕೆ ಇಟ್ಟಿದ್ದೇನೆ, ಇವರೇ ಎತ್ತುತ್ತಾರೆ. ‘ಹಲೋ’ ಬರಲು ಸ್ವಲ್ಪ ಹೊತ್ತಾಗುತ್ತದೆ. ಲೈನಿನಲ್ಲಿ ಯಾರೂ ಇಲ್ಲವೆಂದುಕೊಂಡು ಇಟ್ಟುಬಿಡಬೇಡ.

ನಿನ್ನ
ಶುಭಾ